ಬೆನ್ನು ತಿರುವಿಸುವ ಮುನ್ನ ಮೂಳೆಯ ಬಲ ತಿಳಿಯಿರಿ



ಕಳೆದ ಮಳೆಗಾಲದಲ್ಲಿ ನೀರಿನ ಕೊಡ ಎತ್ತುವಾಗ ನನ್ನ ತಾಯಿಯವರಿಗೆ ಬೆನ್ನು ಹಿಡಿಯಿತು. ಉಳುಕಿರಬೇಕು, ತೆಗೆಸಿರೆಂದು ಬಂದವರೆಲ್ಲ ಹೇಳಿದರು. ನಾನೂ ಹೊರಟಿದ್ದೆ. ಮೊದಲು ಎಕ್ಸ್‌ರೇ ಆಗಲಿ ಎಂದು ವೈದ್ಯರು ತಡೆದರು. ನೋಡಿದರೆ ಬೆನ್ನೆಲುಬಿನ ಒಂದು ಮಣಿ ಕುಸಿದಿತ್ತು! ಆ ಬೆನ್ನನ್ನು ತಿರುವಿಸಿದ್ದರೆ ಗತಿ ಏನಾಗುತ್ತಿತ್ತೋ.

ಇದೇ ಅಸ್ಥಿರಂಧ್ರತೆ, ಅಂದರೆ ಆಸ್ಟಿಯೊಪೊರೋಸಿಸ್. ಹೊರಗೆ ನೆಟ್ಟಗಿರುವ ಅಡಿಕೆ ಮರ ಒಳಗೆ ಟೊಳ್ಳಾಗಿ ಗಾಳಿಗೆ ಮುರಿಯುವಂತೆ, ಮೂಳೆಯೂ ಸದ್ದಿಲ್ಲದೆ ಟೊಳ್ಳಾಗುತ್ತದೆ. ಸುಮಾರು 30 ವರ್ಷದ ಹೊತ್ತಿಗೆ ಮೂಳೆಯ ಬಲ ತುದಿ ಮುಟ್ಟಿ, ಅನಂತರ ಇಳಿಮುಖವಾಗುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಈ ಇಳಿತ ವೇಗವಾಗಿರುತ್ತದೆ. ತಂಬಾಕು, ಮದ್ಯ ಹಾಗೂ ಬಹುಕಾಲ ಸೇವಿಸಿದ ಸ್ಟಿರಾಯ್ಡ್ ಮಾತ್ರೆಗಳೂ ಇದಕ್ಕೆ ಕಾರಣ. ಮುರಿಯುವುದು ಹೆಚ್ಚಾಗಿ ಮಣಿಕಟ್ಟು, ಬೆನ್ನುಮಣಿ ಮತ್ತು ತೊಡೆಯ ಸಂದು. ಎತ್ತರ ತಗ್ಗುವುದು, ಬೆನ್ನು ಬಾಗುವುದು ಇದರ ಸೂಚನೆಗಳು.

ಈಗ ಪಟ್ಟಣಗಳಲ್ಲಿ ಕೈರೋಪ್ರಾಕ್ಟಿಕ್ ಎಂಬ ಚಿಕಿತ್ಸೆಯ ಹೆಸರು ಕೇಳಿಬರುತ್ತಿದೆ. 1895ರಲ್ಲಿ ಅಮೆರಿಕದಲ್ಲಿ ಡಿ. ಡಿ. ಪಾಮರ್ ಎಂಬವರು ಆರಂಭಿಸಿದ ಇದರಲ್ಲಿ ಬೆನ್ನೆಲುಬನ್ನು ಕೈಯಿಂದ ಒತ್ತಿ, ತಿರುವಿ ಸರಿಪಡಿಸುತ್ತಾರೆ. ಕೆಲವು ಬಗೆಯ ಸೊಂಟನೋವಿಗೆ ಇದರಿಂದ ಉಪಶಮನ ಸಿಗಬಹುದು. ಆದರೆ ಸವೆದ ಮೂಳೆಗೆ ಇದು ಬಲ ತುಂಬಲಾರದು. ಮೂಳೆ ತೀರ ಸವೆದವರಿಗೆ ರಭಸದ ತಿರುವು ಅಪಾಯಕರವೆಂದು ವಿಶ್ವ ಆರೋಗ್ಯ ಸಂಸ್ಥೆಯ 2005ರ ಮಾರ್ಗಸೂಚಿಯೇ ಎಚ್ಚರಿಸಿದೆ. ನಮ್ಮ ಕಡೆಯ ಉಳುಕು ತೆಗೆಯುವವರ ವಿಷಯದಲ್ಲೂ ಇದೇ ಎಚ್ಚರ ಬೇಕು. ವಯಸ್ಸಾದವರ ಬೆನ್ನನ್ನು ಯಾರ ಕೈಗಾದರೂ ಕೊಡುವ ಮುನ್ನ ಎಕ್ಸ್‌ರೇ ತೆಗೆಸಿರಿ. ವೈದ್ಯರು ಹೇಳಿದರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯನ್ನೂ ಮಾಡಿಸಿರಿ. ಸವೆತ ತಡೆಯುವ ಔಷಧಿಗಳು ಈಗ ಇವೆ.

ಉಳಿದದ್ದು ನಮ್ಮ ಕೈಯಲ್ಲಿದೆ. ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಸುಣ್ಣಾಂಶ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದ್ದರೆ, ಅಷ್ಟೇ ಬೆಳ್ತಿಗೆ ಅಕ್ಕಿಯಲ್ಲಿ 10ನ್ನೂ ದಾಟದು. ಅನ್ನವನ್ನೇ ನೆಚ್ಚಿದ ನಾವು ರಾಗಿ ಅಂಬಲಿ, ಎಳ್ಳು, ಹಾಲು, ಮಜ್ಜಿಗೆಗಳನ್ನು ಮರೆಯಬಾರದು. ಕವಳದ ಸುಣ್ಣದಿಂದ ಈ ಕೊರತೆ ತುಂಬೀತೆಂಬ ಭ್ರಮೆ ಬೇಡ. ಅದರ ಜೊತೆಯ ಅಡಿಕೆ, ತಂಬಾಕು ಬಾಯಿಗೆ ಕೇಡು. ಜಗಲಿಯಲ್ಲಿ ಕುಳಿತು ಅಡಿಕೆ ಸುಲಿಯುವ ಹೆಂಗಸರು ಮೈಗೆ ಕೊಂಚ ಬಿಸಿಲು ತಾಗಿಸಿಕೊಳ್ಳಲಿ. ನಡಿಗೆ ಬಿಡಬಾರದು.

ಕೊನೆಯದಾಗಿ, ಬೀಳದಂತೆ ನೋಡಿಕೊಳ್ಳುವುದೇ ಅರ್ಧ ಚಿಕಿತ್ಸೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಸರಳು, ರಾತ್ರಿ ದಾರಿಗೆ ಒಂದು ದೀಪ, ಪಾಚಿಗಟ್ಟಿದ ಅಂಗಳಕ್ಕೆ ಹಾಸಿದ ಅಡಿಕೆ ದಬ್ಬೆ, ಇವಕ್ಕೆ ಹೆಚ್ಚು ಹಣ ಬೇಡ. ಕೊಳೆರೋಗಕ್ಕೆ ಮಳೆ ಹಿಡಿಯುವ ಮುನ್ನವೇ ಬೋರ್ಡೋ ಹೊಡೆಯುತ್ತೇವಲ್ಲವೇ? ಮನೆಯ ಹಿರಿಯರ ವಿಷಯದಲ್ಲೂ ಅಷ್ಟೇ ಮುಂಜಾಗ್ರತೆ ವಹಿಸಬೇಕೆಂದು ಸದಸ್ಯರಲ್ಲಿ ವಿನಂತಿ.

— ಕಾರ್ಯದರ್ಶಿ, ಮಳಗಿ