ಸಿಂಗಲ್ ಮಾಲ್ಟ್ ಮತ್ತು ಬೆರಕೆ ವಿಸ್ಕಿ

ಕದಂಬರ ಶಾಸನಸ್ತಂಭದಿಂದ ಹೆಸರಾದ ತಾಳಗುಂದದ ಸುತ್ತಮುತ್ತ ಮಳೆಗಾಲದಲ್ಲಿ ಮೆಕ್ಕೆಜೋಳದ ಹೊಲಗಳು ಕಾಣಸಿಗುತ್ತವೆ. ನಮ್ಮಲ್ಲಿ ಕೋಳಿಗಳ ಆಹಾರವಾಗುವ ಈ ಧಾನ್ಯದಿಂದ ಸ್ಕಾಟ್ಲೆಂಡಿನಲ್ಲಿ ವಿಸ್ಕಿಯನ್ನೂ ಇಳಿಸುತ್ತಾರೆ. ಬ್ಲೆಂಡೆಡ್ ಮತ್ತು ಸಿಂಗಲ್ ಮಾಲ್ಟ್ ಎಂಬ ಭೇದ ಆರಂಭವಾಗುವುದು ಧಾನ್ಯದಿಂದಲೇ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಗೆ ಮಾಲ್ಟ್ ಎಂದು ಹೆಸರು. ಅದೊಂದರಿಂದಲೇ, ಒಂದೇ ಡಿಸ್ಟಿಲರಿಯಲ್ಲಿ, ತಾಮ್ರದ ಹಂಡೆಗಳಲ್ಲಿ ಬಟ್ಟಿ ಇಳಿಸಿ, ಓಕ್ ಪೀಪಾಯಿಗಳಲ್ಲಿ ಕನಿಷ್ಠ 3 ವರ್ಷ ಇಟ್ಟದ್ದು ಸ್ಕಾಟ್ಲೆಂಡಿನ ಸಿಂಗಲ್ ಮಾಲ್ಟ್. ಹಂಡೆಯಲ್ಲಿ ಧಾನ್ಯದ ಪರಿಮಳ ಹೆಚ್ಚು ಉಳಿಯುತ್ತದೆ. 1830ರಲ್ಲಿ ಈನಿಯಸ್ ಕಾಫಿ ಪೇಟೆಂಟ್ ಪಡೆದ ಸ್ತಂಭಾಕಾರದ ಯಂತ್ರದಲ್ಲಿ ಗೋಧಿ, ಮೆಕ್ಕೆಜೋಳಗಳಿಂದ ಹಗುರವಾದ ವಿಸ್ಕಿಯನ್ನು ಅಗ್ಗವಾಗಿ ತೆಗೆಯಬಹುದು. ಇದಕ್ಕೆ ಹಲವು ಡಿಸ್ಟಿಲರಿಗಳ ಮಾಲ್ಟ್ ಬೆರೆಸಿದ್ದು ಬ್ಲೆಂಡೆಡ್ ಸ್ಕಾಚ್.

ನಮ್ಮ ದೇಶದ ಅಗ್ಗದ ವಿಸ್ಕಿಗಳ ಸಂಗತಿ ಬೇರೆ. ಅವುಗಳಲ್ಲಿ ಹೆಚ್ಚಿನವಕ್ಕೆ ಸಕ್ಕರೆ ಕಾರ್ಖಾನೆಯ ಕಾಕಂಬಿಯ ಸ್ಪಿರಿಟ್ಟೇ ಆಧಾರ. ಮಾಲ್ಟ್ ಸ್ವಲ್ಪ ಸೇರಿರುತ್ತದೆ. ಐರೋಪ್ಯ ಒಕ್ಕೂಟದ ಕಾನೂನು ಇದನ್ನು ವಿಸ್ಕಿಯೆಂದು ಒಪ್ಪುವುದಿಲ್ಲ. ಆದ್ದರಿಂದ ಬ್ಲೆಂಡೆಡ್ ಎಂಬ ಒಂದೇ ಮಾತು ಎರಡು ಬಾಟಲಿಗಳಲ್ಲಿ ಎರಡು ವಸ್ತುಗಳನ್ನು ಸೂಚಿಸಬಹುದು.

1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಅಮೃತ್ ಡಿಸ್ಟಿಲರೀಸ್ ಸಂಸ್ಥೆಯೂ ಮೊದಲಿಗೆ ಮಾಲ್ಟ್ ಇಳಿಸಿದ್ದು ಬೆರಕೆಗಾಗಿಯೇ. ಅದನ್ನೇ ಬೇರೆಯಾಗಿ ಸಿಂಗಲ್ ಮಾಲ್ಟ್ ಎಂದು 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿತು. ಸ್ಕಾಚಿನ ತವರಿನಲ್ಲೇ ಪರೀಕ್ಷೆಗೆ ನಿಂತ ಅದು ಕ್ರಮೇಣ ಹೆಸರು ಗಳಿಸಿತು. ಪೀಪಾಯಿಯಿಂದ ಆವಿಯಾಗಿ ಹೋಗುವ ಭಾಗಕ್ಕೆ 'ದೇವತೆಗಳ ಪಾಲು' ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಸುಮಾರು ಶೇ. 2, ಬೆಂಗಳೂರಿನ ಸೆಕೆಯಲ್ಲಿ ಶೇ. 10ನ್ನೂ ಮೀರುತ್ತದೆ. ಇಲ್ಲಿ ವಿಸ್ಕಿ ಬೇಗ ಪಕ್ವವಾಗಲು ಆ ಸೆಕೆಯೇ ಕಾರಣ. ಬೆಲೆ ಏರಲೂ ಅದು ಒಂದು ಕಾರಣ.

ಹಾಗಾದರೆ ದಿನನಿತ್ಯ ಕುಡಿಯುವವನಿಗೆ ಯಾವುದು ಸರಿ? ಸೋಡಾ, ಐಸು ಬೆರೆಸುವವನಿಗೆ ಮಾಲ್ಟಿನ ಸೂಕ್ಷ್ಮ ಪರಿಮಳ ಅಷ್ಟಾಗಿ ದಕ್ಕುವುದಿಲ್ಲ. ಒಳ್ಳೆಯ ಧಾನ್ಯದ ಬ್ಲೆಂಡೆಡ್ ಸಾಕು. ಕೊಂಚ ನೀರು ಮಾತ್ರ ಸೇರಿಸಿ ನಿಧಾನವಾಗಿ ಹೀರುವವನಿಗೆ ಮಾಲ್ಟಿನ ಬೆಲೆ ಸಾರ್ಥಕವೆನಿಸೀತು. ಆದರೆ ದುಬಾರಿಯದು ದೇಹಕ್ಕೆ ಸೌಮ್ಯವೆಂಬ ನಂಬಿಕೆ ತಪ್ಪು. ಶೇ. 42.8 ಮದ್ಯಸಾರದ ಸಾಮಾನ್ಯ ವಿಸ್ಕಿಯ 60 ಮಿ.ಲೀ.ನಲ್ಲಿ ಸುಮಾರು 20 ಗ್ರಾಂ ಮದ್ಯಸಾರವಿದ್ದರೆ, ಶೇ. 50ರ ಅಮೃತ್ ಫ್ಯೂಷನ್‌ನಲ್ಲಿ ಅದು ಸುಮಾರು 24 ಗ್ರಾಂ. ಬಾಟಲಿಯ ಹೆಸರು ಯಾವುದೇ ಇರಲಿ, ಯಕೃತ್ತಿಗೆ ತಲುಪುವುದು ಈ ಗ್ರಾಂಗಳೇ.