ನೆಲದಡಿ ಕೋಣೆ ಸಿಕ್ಕಿತಾ? ಇಳಿಯೋ ಮೊದಲು ಇದನ್ನು ಓದಿ

ನಿಧಿಯನ್ನು ಸರ್ಪ ಕಾಯುತ್ತೆ ಅನ್ನೋದು ನಮ್ಮ ಕಡೆಯ ಹಳೇ ಮಾತು. ಎಂಜಿನಿಯರಿಂಗ್ ಓದಿದ ನನಗೆ ಸರ್ಪಕ್ಕಿಂತ ಭಯ ಹುಟ್ಟಿಸೋದು ಒಳಗಿನ ಗಾಳಿ.

ಕೆನಡಾದ ನೋವಾ ಸ್ಕೋಶಿಯಾದಲ್ಲಿ ಓಕ್ ಐಲ್ಯಾಂಡ್ ಎಂಬ ದ್ವೀಪವಿದೆ. ಅಲ್ಲಿ ನಿಧಿಗಾಗಿ ತಲೆಮಾರುಗಳಿಂದ ಅಗೆಯುತ್ತಿದ್ದಾರೆ. 1965ರ ಆಗಸ್ಟ್ 17ರಂದು ರಾಬರ್ಟ್ ರೆಸ್ಟಾಲ್ ಎಂಬುವವರು ಅಗೆದ ಗುಂಡಿಯೊಳಗೆ ಬಿದ್ದರು. ಕಾಪಾಡಲು ಮಗ ಇಳಿದ. ಅವನ ಹಿಂದೆ ಕಾರ್ಲ್ ಗ್ರೇಸರ್, ಸಿರಿಲ್ ಹಿಲ್ಟ್ಸ್ ಇಳಿದರು. ವಿಷಗಾಳಿಗೆ ನಾಲ್ವರೂ ಸತ್ತರು. ಒಬ್ಬರ ಜೀವ ಉಳಿಸಲು ಹೋಗಿ ಮೂವರು!

ನಮ್ಮಲ್ಲೂ ಈ ಅಪಾಯ ಹೊಸದಲ್ಲ. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯಬಾರದು ಎಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಮುಚ್ಚಿದ ಜಾಗದಲ್ಲಿ ಧಾನ್ಯ, ಬೇರು, ಕೊಳೆತ ಕಸ ಆಮ್ಲಜನಕವನ್ನು ಹೀರಿಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಇದು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಹಾಗಾಗಿ ತಳದಲ್ಲೇ ನಿಲ್ಲುತ್ತೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ. 20.9. ಅದು ಶೇ. 10ಕ್ಕಿಂತ ಕೆಳಗಿಳಿದರೆ ಎಚ್ಚರ ತಪ್ಪುತ್ತೆ, ಶೇ. 6ರ ಹತ್ತಿರ ಬಂದರೆ ಕೆಲವೇ ನಿಮಿಷದಲ್ಲಿ ಸಾವು.

ದೀಪ ಇಳಿಸಿ ನೋಡಿದರೆ ಸಾಲದಾ ಅಂತ ಕೇಳಬಹುದು. ಸಾಲದು. ದೀಪ ಆರಿದರೆ ಆಮ್ಲಜನಕ ಕಡಿಮೆ ಅಂತ ಗೊತ್ತಾಗುತ್ತೆ, ನಿಜ. ಆದರೆ ಹೈಡ್ರೋಜನ್ ಸಲ್ಫೈಡ್ ಜೀವ ತೆಗೆಯುವಷ್ಟಿದ್ದರೂ ದೀಪ ಉರಿಯುತ್ತಲೇ ಇರುತ್ತೆ. ಮೀಥೇನ್ ಇದ್ದರಂತೂ ದೀಪವೇ ಸ್ಫೋಟಕ್ಕೆ ಕಾರಣ. ವಾಸನೆಯನ್ನೂ ನಂಬಬೇಡಿ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಕೊಳೆತ ಮೊಟ್ಟೆಯ ನಾತ ಮೂಗಿಗೆ ತಿಳಿಯೋದೇ ಇಲ್ಲ.

ಹಾಗಾದರೆ ಏನು ಮಾಡಬೇಕು? ಬಾಯಿಯಿಂದ ದೂರ ನಿಲ್ಲಿ, ಅಂಚು ಕುಸಿಯಬಹುದು. ಸುತ್ತ ಹಗ್ಗ ಕಟ್ಟಿ ಮಕ್ಕಳನ್ನು ದೂರವಿಡಿ. ತಿಳಿದವರು ಮೊದಲು ಗ್ಯಾಸ್ ಡಿಟೆಕ್ಟರನ್ನು ಮೇಲೆ, ನಡುವೆ, ತಳದಲ್ಲಿ ಇಳಿಸಿ ಅಳೆಯುತ್ತಾರೆ, ಬ್ಲೋವರ್‌ನಿಂದ ಗಾಳಿ ಹಾಯಿಸಿ ಮತ್ತೆ ಅಳೆಯುತ್ತಾರೆ. ಇಳಿಯುವವರ ಮೈಗೆ ಬೆಲ್ಟು, ಹಗ್ಗ ಇರುತ್ತೆ. ಇನ್ನೊಬ್ಬರು ಇಳಿಯದೆ ಅವರನ್ನು ಮೇಲಿನಿಂದಲೇ ಎಳೆಯಬಹುದು. ಯಾರಾದರೂ ಒಳಗೆ ಬಿದ್ದಿದ್ದರೆ 112ಕ್ಕೆ ಕರೆ ಮಾಡಿ. ಬಿದ್ದವರು ಅಣ್ಣನೋ ಮಗನೋ ಆಗಿದ್ದರೂ ಹಿಂದೆ ಇಳಿಯಬೇಡಿ.

ಇನ್ನು ಕಾನೂನು. ಕರ್ನಾಟಕದಲ್ಲಿ ನಿಧಿಗೆಂದೇ 1962ರ ಕಾಯ್ದೆ ಇದೆ. ಸಿಕ್ಕಿದ್ದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು. ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗಿನ ಜಾಗ ನಿಷೇಧಿತ ಪ್ರದೇಶ. ಹಾಗಾಗಿ ಅಗೆಯೋದು ನಿಲ್ಲಿಸಿ, ತಹಶೀಲ್ದಾರ್ ಕಚೇರಿಗೆ ಸುದ್ದಿ ಮುಟ್ಟಿಸಿ. ಇಷ್ಟು ವರ್ಷ ನೆಲದಡಿ ಇದ್ದದ್ದು ಇನ್ನೆರಡು ದಿನ ಇದ್ದರೆ ಏನೂ ಆಗಲ್ಲ.