ಪತನನಿವಾರಣೆಯೂ ಪತಿತರಕ್ಷಣೆಯೂ

ಕಟ್ಟಡಗಳ ಸಾರುವೆಯ ಮೇಲೆ ದುಡಿಯುವವರ ರಕ್ಷಣೆಯು ದ್ವಿವಿಧವಾದುದು: ಬೀಳದಂತೆ ತಡೆಯುವುದು ಪತನನಿವಾರಣೆ; ಬಿದ್ದವರನ್ನು ಉಳಿಸುವುದು ಪತಿತರಕ್ಷಣೆ. ಪತಿತಶಬ್ದವು ಇಲ್ಲಿ ಯೌಗಿಕಾರ್ಥದಲ್ಲಿ ಮಾತ್ರ ಗ್ರಾಹ್ಯವಾಗಿದೆ. ಈ ಭೇದಕ್ಕೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಗೋಲ್ಡನ್ ಗೇಟ್ ಸೇತುವೆಯು ನಿದರ್ಶನವಾಗಿದೆ. ೧೯೩೩ರಲ್ಲಿ ಆರಂಭವಾದ ಆ ನಿರ್ಮಾಣದಲ್ಲಿ ಪ್ರಧಾನ ಎಂಜಿನಿಯರ್ ಜೋಸೆಫ್ ಸ್ಟ್ರಾಸರು ಕೆಲಸಗಾರರ ಕೆಳಗೆ ಬಲೆಯನ್ನು ಕಟ್ಟಿಸಿದರು. ಅದರಿಂದ ೧೯ ಮಂದಿಯ ಪ್ರಾಣವುಳಿಯಿತು. ಆದರೆ ೧೯೩೭ನೆಯ ಫೆಬ್ರವರಿ ೧೭ರಂದು ಸಾರುವೆಯ ಒಂದು ಭಾಗವೇ ಕಳಚಿ ಬೀಳಲು, ಬಲೆಯು ಹರಿದು ೧೦ ಮಂದಿ ಮಡಿದರು. ಮನುಷ್ಯನನ್ನು ಹಿಡಿಯುವುದು ಬಲೆಯ ಧರ್ಮ. ಸಾರುವೆಯನ್ನು ಹೊರುವುದು ಅದರ ಧರ್ಮವಲ್ಲ. ಆದುದರಿಂದ ಕೆಲಸಕ್ಕೆ ಮುನ್ನ ಸಾರುವೆಯ ದೃಢತೆಯನ್ನು ಪರೀಕ್ಷಿಸುವುದೇ ಪ್ರಧಾನಕರ್ತವ್ಯ. ಬಲೆಯು ಅದಕ್ಕೆ ಅಂಗವೇ ಹೊರತು ಪ್ರತಿನಿಧಿಯಲ್ಲ.